ಪದ ಬೇಕು: ನಾದದ ‘ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್’

ಬಳಗದವರಿಗೆ ಹಾಸನದಿಂದ ನಮಸ್ಕಾರ.

ಕಂಪ್ಯೂಟರಿನಲ್ಲಿ ನಾದ ಹುಟ್ಟಿಸುವ ಮುಕ್ತ ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ಇಲ್ಲಿನ ಕಾಲೇಜು ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಸಿಸೌಂಡ್, ಸೂಪರ್‌ಕೊಲೈಡರ್, ಪ್ಯೂರ್ ಡೇಟಾ ಎಂಬ ಹೆಸರುಗಳು ಹಾಗೆಯೇ ಇರಲಿ. ಫ್ರೀಕ್ವೆನ್ಸಿಗೆ ‘ಆವೃತ್ತಿ’ ಶಾಲೆಯ ಪಠ್ಯದಲ್ಲೇ ಇದೆ. ಸಿಸೌಂಡಿನ ‘ಪ್ಲಕ್’ ಎಂಬ ಆದೇಶಕ್ಕೆ ‘ಮೀಟು’ ಎಂದರೆ ಯಾರೂ ತಕರಾರು ತೆಗೆಯಲಾರರು; 1983ರ ಕಾರ್ಪ್ಲಸ್–ಸ್ಟ್ರಾಂಗ್ ವಿಧಾನದಿಂದ ಅದು ಹೊರಡಿಸುವುದು ಮೀಟಿದ ತಂತಿಯ ನಾದವನ್ನೇ.

ತೊಡಕಿರುವುದು ಎನ್ವಲಪ್‌ನಲ್ಲಿ, ಅಂದರೆ ಒಂದು ಸ್ವರ ಹುಟ್ಟಿ ಅಡಗುವವರೆಗೆ ಅದರ ಗಟ್ಟಿತನ ಹೇಗೆ ಬದಲಾಗುತ್ತದೆ ಎಂಬ ಗೆರೆಯಲ್ಲಿ. ನಿಘಂಟು ನೋಡಿದರೆ ಲಕೋಟೆ, ದಾಳಿ, ಕೊಳೆಯುವಿಕೆ, ಬಿಡುಗಡೆ ಸಿಗುತ್ತವೆ. ಇವನ್ನು ಸಾಲಾಗಿ ಬರೆದರೆ ಪೊಲೀಸ್ ವರದಿಯಾಗುತ್ತದೆಯೇ ಹೊರತು ಸಂಗೀತದ ಪಾಠವಾಗುವುದಿಲ್ಲ.

ನನ್ನ ಆಯ್ಕೆ ಹೀಗಿದೆ. ಮೌನದಿಂದ ತುದಿಗೇರುವ ಅವಧಿ, ಅಂದರೆ ಅಟ್ಯಾಕ್, ‘ಏರು’. ತುದಿಯಿಂದ ನಿಂತ ಮಟ್ಟಕ್ಕೆ ಬರುವ ಅವಧಿ, ಡಿಕೇ, ‘ಇಳಿತ’. ಕೀಲಿಯಿಂದ ಬೆರಳು ತೆಗೆದ ಮೇಲೆ ಮತ್ತೆ ಮೌನಕ್ಕೆ ಹೋಗುವ ಅವಧಿ, ರಿಲೀಸ್, ‘ಅಡಗು’. ಸದ್ದಡಗಿತು ಎಂಬ ಮಾತು ನಮ್ಮಲ್ಲಿ ಹಳೆಯದು. ಹಾಗಾಗಿ ಎರಡು ಇಳಿತಗಳನ್ನು ಬೇರೆ ಮಾಡುವ ಕಷ್ಟವೂ ತಪ್ಪಿತು. ಅಟ್ಯಾಕ್‌ಗೆ ‘ಎತ್ತುಗಡೆ’ ಚೆನ್ನಾಗಿತ್ತು, ಆದರೆ ಅದು ಹಾಡಿನ ಆರಂಭಕ್ಕೆ ಆಗಲೇ ಬಳಕೆಯಲ್ಲಿದೆ.

ಉಳಿದದ್ದು ಸಸ್ಟೇನ್, ಅಂದರೆ ಇಳಿತದ ನಂತರ ಸ್ವರ ನಿಲ್ಲುವ ಆ ಮಟ್ಟ. ಕರ್ನಾಟಕ ಸಂಗೀತದ ‘ಕಾರ್ವೆ’ ತಾನಾಗಿ ನಾಲಿಗೆಗೆ ಬರುತ್ತದೆ. ಆದರೆ ಕಾರ್ವೆ ಎಂದರೆ ಸ್ವರವನ್ನು ಎಷ್ಟು ಹೊತ್ತು ಹಿಡಿದೆವು ಎಂಬ ಲೆಕ್ಕ, ಕಾಲದ ಮಾತು. ಇಲ್ಲಿ ಸಸ್ಟೇನ್ ಕಾಲವಲ್ಲ, ಮಟ್ಟ. ಸೂಪರ್‌ಕೊಲೈಡರಿನ ಎಡಿಎಸ್‌ಆರ್ (ಈ ನಾಲ್ಕು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು) ಎನ್ವಲಪ್‌ನಲ್ಲಿ ನಾವೇನೂ ಹೇಳದಿದ್ದರೆ ಅದು ತಾನೇ ಹಿಡಿಯುವ ಬೆಲೆಗಳು 0.01, 0.3, 0.5 ಮತ್ತು 1. ಮೊದಲನೆಯದು, ಎರಡನೆಯದು, ನಾಲ್ಕನೆಯದು ಸೆಕೆಂಡುಗಳು. ಮೂರನೆಯದು ಮಾತ್ರ ತುದಿಯ ಗಟ್ಟಿತನದಲ್ಲಿ ಅರ್ಧ ಎಂದು. ಹೊತ್ತು ಎಷ್ಟೆಂಬುದನ್ನು ನುಡಿಸುವವನ ಬೆರಳೇ ತೀರ್ಮಾನಿಸುತ್ತದೆ. ‘ಕಾರ್ವೆ 0.5’ ಎಂದು ಬರೆದರೆ ವಿದ್ಯಾರ್ಥಿ ಅರ್ಧ ಸೆಕೆಂಡು ಎಂದೇ ಓದುತ್ತಾನೆ. ಇಂಗ್ಲಿಷಿನಲ್ಲೂ ಹೊಸಬರು ಎಡವುವುದು ಇಲ್ಲೇ. ಕನ್ನಡದಲ್ಲಿ ಆ ಗುಂಡಿಯನ್ನು ನಾವೇ ತೋಡುವುದು ಬೇಡ.

ವಾದ್ಯಗಳ ಮೇಲೆ ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟ. ನಾಗಸ್ವರದಲ್ಲಿ ಉಸಿರಿರುವವರೆಗೂ ಮಟ್ಟ ನಿಲ್ಲುತ್ತದೆ. ವೀಣೆಯಲ್ಲಿ ಮೀಟಿದ ಮೇಲೆ ನಿಲ್ಲುವ ಮಟ್ಟವೇ ಇಲ್ಲ, ಇಳಿಯುತ್ತಲೇ ಹೋಗುತ್ತದೆ. ಅಲ್ಲಿ ಸಸ್ಟೇನ್ ಸೊನ್ನೆ. ಹಾಗಿದ್ದರೂ ವೈಣಿಕರು ಕಾರ್ವೆ ಕೊಡುತ್ತಾರಲ್ಲ! ಎರಡೂ ಒಂದೇ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಸದ್ಯಕ್ಕೆ ‘ನಿಲುಮಟ್ಟ’ ಎಂದು ಬರೆದಿಟ್ಟಿದ್ದೇನೆ. ‘ನೆಲೆ’ ಚಿಕ್ಕದು, ಆದರೆ ತೀರಾ ಅಗಲ. ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರಾದ ನಮ್ಮ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆಯವರು, ಅಥವಾ ನಾಗಸ್ವರದ ಮನೆತನದವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಸ್ವರ ಏರದೆ ಇಳಿಯದೆ ನಿಂತ ಆ ಮಟ್ಟಕ್ಕೆ ನಿಮ್ಮ ಪಾಠದಲ್ಲಿ ಹೆಸರಿದೆಯೇ? ಇದ್ದರೆ ‘ನಿಲುಮಟ್ಟ’ವನ್ನು ಸಂತೋಷದಿಂದ ಅಳಿಸುತ್ತೇನೆ.