ಏರ್‌ಬ್ಯಾಗ್ ಲೈಟ್ ಆರವಲ್ದು: ಎಲೆಕ್ಟ್ರಿಷಿಯನ್‌ಗೆ ಕೇಳ್ರಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಬ್ಯಾಟರಿ ಆತು, ಈ ವಾರ ಏರ್‌ಬ್ಯಾಗ್. ಗಂಗಾವತಿಯ ನಮ್ಮ ಆಟೊ ಎಲೆಕ್ಟ್ರಿಷಿಯನ್ ರಾತ್ರಿ 10ರ ತನಕ ಉತ್ತರ ಕೊಡ್ತಾರ. ಗಾಡಿ ಯಾವ ಇಸವಿದು, ಲೈಟ್ ಯಾವಾಗ ಹತ್ತತೈತಿ, ಹಾರ್ನ್ ಬಡಿತೈತೋ ಇಲ್ಲೋ, ಇಷ್ಟು ಬರೀರಿ. ಫಾರ್ವರ್ಡ್ ಹಾಕಬ್ಯಾಡ್ರಿ.

ಕುಷ್ಟಗಿ: ಅಣ್ಣಾರ, 2017ರ ಗಾಡಿ. ಸ್ಟೇರಿಂಗ್ ಪೂರ್ತಿ ಬಲಕ್ಕ ತಿರುವಿದಾಗ ಏರ್‌ಬ್ಯಾಗ್ ಲೈಟ್ ಹತ್ತತೈತಿ, ಆಮ್ಯಾಲೆ ಆರೂದಿಲ್ಲ. ಹಾರ್ನ್ ಒಮ್ಮೆ ಬಡಿತೈತಿ, ಒಮ್ಮೆ ಇಲ್ಲ. ಹೋದ ತಿಂಗಳ ಸ್ಟೇರಿಂಗ್ ರ‍್ಯಾಕ್ ಕೆಲಸ ಮಾಡಿಸೀನಿ.

ಎಲೆಕ್ಟ್ರಿಷಿಯನ್: ಎಲ್ಲಾ ಬರದೀರಿ, ಚೊಲೊ ಆತು. ಇದು ಕ್ಲಾಕ್ ಸ್ಪ್ರಿಂಗ್. ಸ್ಟೇರಿಂಗ್ ಹಿಂದ ಪ್ಲಾಸ್ಟಿಕ್ ಡಬ್ಬಿಯೊಳಗ ಸುರುಳಿ ಸುತ್ತಿದ ಪಟ್ಟಿ ವೈರ್ ಇರ್ತೈತಿ. ಚಾಲಕನ ಏರ್‌ಬ್ಯಾಗು, ಹಾರ್ನು, ಸ್ಟೇರಿಂಗ್ ಮ್ಯಾಲಿನ ಬಟನ್ನು ಎಲ್ಲಾದರ ಕರೆಂಟ್ ಅದರಾಗ ಹಾದು ಹೋಗ್ತೈತಿ. ಅದಕ್ಕ ಹಾರ್ನ್ ಮತ್ತು ಲೈಟ್ ಕೂಡೇ ಕೆಟ್ಟಾವು.

ರ‍್ಯಾಕ್ (ಸ್ಟೇರಿಂಗ್ ತಿರುವಿದ್ದನ್ನ ಗಾಲಿಗೆ ಮುಟ್ಟಿಸೋ ಭಾಗ) ಬಿಚ್ಚುವಾಗ ಸ್ಟೇರಿಂಗ್ ಕಟ್ಟಿ ಇಡಬೇಕು. ಕಟ್ಟದಿದ್ರ ಚಕ್ರದ ಸಂಬಂಧ ಕಡಿದು ಸ್ಟೇರಿಂಗ್ ಸುಮ್ನ ಗಿರಗಿರ ತಿರುಗತೈತಿ, ಕ್ಲಾಕ್ ಸ್ಪ್ರಿಂಗಿನ ನಡುಮಧ್ಯ ತಪ್ಪತೈತಿ. ಆಮ್ಯಾಲೆ ನೀವು ಪೂರ್ತಿ ಬಲಕ್ಕ ತಿರುವಿದಾಗ ಪಟ್ಟಿಗೆ ಉದ್ದ ಸಾಲದ ಹರಿತೈತಿ. ರ‍್ಯಾಕ್ ಮಾಡಿದವರನ್ನ ಮೊದಲು ಕೇಳ್ರಿ.

ಹೊಸ ಕ್ಲಾಕ್ ಸ್ಪ್ರಿಂಗ್ ಹಾಕೋ ಕ್ರಮ: ಗಾಲಿ ನೆಟ್ಟಗ ಇಟ್ಟು ಕೀ ತಗೀರಿ. ಬ್ಯಾಟರಿ ನೆಗೆಟಿವ್ ಬಿಚ್ಚಿ ಕಾಯ್ರಿ. ಮ್ಯಾನುವಲ್‌ನಾಗ 90 ಸೆಕೆಂಡಿನಿಂದ 3 ನಿಮಿಷ ಅಂತ ಇರ್ತೈತಿ, ನಾನು 10 ನಿಮಿಷ ಬಿಡಸ್ತೀನಿ. ಏರ್‌ಬ್ಯಾಗ್ ಕಂಟ್ರೋಲರ್ (ಬ್ಯಾಗ್ ಸಿಡಿಸೋ ಕಂಪ್ಯೂಟರ್ ಡಬ್ಬಿ) ಒಳಗ ಕೆಪಾಸಿಟರ್ ಐತಿ, ಬ್ಯಾಟರಿ ತಗದ ಮ್ಯಾಲೂ ಬ್ಯಾಗ್ ಸಿಡಿಸೋವಷ್ಟು ಕರೆಂಟ್ ಸ್ವಲ್ಪ ಹೊತ್ತು ಅದರಾಗ ಉಳಿತೈತಿ. ಬಿಚ್ಚಿದ ಬ್ಯಾಗನ್ನ ಮುಖ ಮ್ಯಾಲೆ ಮಾಡಿ ಇಡ್ರಿ, ಬೋರಲು ಹಾಕಿದ್ರ ಅದು ರಾಕೆಟ್. ಹೊಸ ಕ್ಲಾಕ್ ಸ್ಪ್ರಿಂಗಿಗೆ ಲಾಕ್ ಪಿನ್ ಇರ್ತೈತಿ, ಕೂಡಿಸೋ ತನಕ ಅದನ್ನ ಕೀಳಬಾರದು. ಪಿನ್ ಬಿದ್ದಿದ್ರ ಮೆಲ್ಲಗ ಬಲಕ್ಕ ಕೊನೀ ತನಕ ತಿರುವಿ, ಎರಡೂವರೆಯಿಂದ ಮೂರು ಸುತ್ತು ಹಿಂದಕ್ಕ ಬಂದು ಬಾಣದ ಗುರುತು ಕೂಡಿಸಬೇಕು. ಸುತ್ತಿನ ಲೆಕ್ಕ ಮಾಡೆಲ್ ಮಾಡೆಲ್‌ಗೆ ಬ್ಯಾರೆ. ಕೆಲವು ಗಾಡಿಯಾಗ ಸ್ಟೇರಿಂಗ್ ಎಷ್ಟು ತಿರುಗೈತಿ ಅಂತ ನೋಡೋ ಆಂಗಲ್ ಸೆನ್ಸರ್ ಇದರ ಕೂಡೇ ಇರ್ತೈತಿ, ಅಂಥಾದ್ದಕ್ಕ ಸ್ಕ್ಯಾನರ್ ಹಚ್ಚಿ ಹೊಂದಿಸಬೇಕು. ಡುಪ್ಲಿಕೇಟ್ ಹಾಕಿಸಬ್ಯಾಡ್ರಿ.

ಮಾನ್ವಿ: ಸರ್, ವಾಟರ್ ಸರ್ವಿಸ್ ಮಾಡಿಸಿದ ಮರುದಿನದಿಂದ ಲೈಟ್ ಹತ್ಯಾದ. ಹಾರ್ನ್ ಸರಿ ಅದ. ಒಳಗೂ ತೊಳೆದಾರ.

ಎಲೆಕ್ಟ್ರಿಷಿಯನ್: ಚಾಲಕನ ಸೀಟಿನ ಕೆಳಗ ಬಗ್ಗಿ ನೋಡ್ರಿ, ಹಳದಿ ಕನೆಕ್ಟರ್. ಬೆಲ್ಟಿನ ಪ್ರಿಟೆನ್ಷನರ್ (ಗುದ್ದಿದಾಗ ಬೆಲ್ಟ್ ಬಿಗಿ ಎಳೆಯೋದು) ಇಲ್ಲಾ ಸೈಡ್ ಏರ್‌ಬ್ಯಾಗಿಗೆ ಹೋಗೋದು. ನೀರು ಹೊಕ್ಕಿರ್ತೈತಿ, ಇಲ್ಲಾ ವ್ಯಾಕ್ಯೂಮ್ ಪೈಪ್ ತಾಗಿ ಸಡಿಲ ಆಗಿರ್ತೈತಿ. ಬ್ಯಾಟರಿ ತಗದು, ಕಾದು, ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡದು, ಒಣಗಿಸಿ, ಟಕ್ ಅನ್ನೋ ತನಕ ಒತ್ತಬೇಕು. ವೈರ್ ಕತ್ತರಿಸಿ ತಿರುಚಿ ಟೇಪ್ ಸುತ್ತಬ್ಯಾಡ್ರಿ. ಮಲ್ಟಿಮೀಟರ್ ಓಮ್‌ಗೆ ಇಟ್ಟು ಬ್ಯಾಗಿಗೆ ನೇರ ಹಚ್ಚಲೇಬ್ಯಾಡ್ರಿ, ಮೀಟರಿನ ಸಣ್ಣ ಕರೆಂಟೂ ಅದನ್ನ ಹೊತ್ತಿಸಬಹುದು. ಕೂಡಿಸಿದ ಮ್ಯಾಲೂ ಲೈಟ್ ಉಳಿದ್ರ ಸ್ಕ್ಯಾನರಿನಿಂದ ಕೋಡ್, ಅಂದ್ರ ಕಂಟ್ರೋಲರ್ ಬರದಿಟ್ಟ ತಪ್ಪಿನ ಗುರುತು, ಅಳಿಸಬೇಕು.

ಕಾರಟಗಿ: ಲೈಟ್ ಹತ್ತೈತಿ. ರೀಸೆಟ್ ಹೆಂಗ?

ಎಲೆಕ್ಟ್ರಿಷಿಯನ್: ಕೋಡ್ ಓದಿಸ್ರಿ ಮೊದಲು.

ಸಂಡೂರು: ನಮ್ಮದೂ ಹತ್ತೈತೆ ಸರ್. ಆನ್‌ಲೈನ್‌ನಲ್ಲಿ ಬ್ಲೂಟೂತ್ ಸ್ಕ್ಯಾನರ್ ತರಿಸಿದ್ದೆ, ಕೋಡ್ ಏನೂ ಇಲ್ಲ ಅಂತ ತೋರಿಸ್ತು.

ಎಲೆಕ್ಟ್ರಿಷಿಯನ್: ಅಂಥಾ ಸಾಧನ ಬಹಳಷ್ಟು ಎಂಜಿನ್ ಕೋಡ್ ಮಾತ್ರ ಓದ್ತಾವು. ಏರ್‌ಬ್ಯಾಗ್ ಕಂಟ್ರೋಲರ್ ಬ್ಯಾರೆ ಮನಿ, ಅಲ್ಲಿ ಬಾಗಿಲು ಬಡಿಯೋ ಸ್ಕ್ಯಾನರ್ ಬೇಕು. ಗಣಿ ಧೂಳಿನಾಗ ಓಡೋ ಗಾಡಿ ಅಂದ್ರ ಕ್ಲಾಕ್ ಸ್ಪ್ರಿಂಗೂ ನೋಡಿಸ್ರಿ. ಸ್ಟೇರಿಂಗ್ ತಿರುವಿದಾಗ ಕರಕರ ಸಪ್ಪಳ ಬರ್ತೈತೇನು?

ಲಿಂಗಸುಗೂರು: ಸರ್, ನಂದು ಸೆಕೆಂಡ್ ಹ್ಯಾಂಡ್, ಆರು ವಾರದ ಹಿಂದ ತಗೊಂಡೀನಿ, ರೇಟು ಕಡಿಮಿ ಬಿತ್ತು. ಲೈಟಿನ ತೊಂದ್ರಿ ಏನಿಲ್ಲ. ಕೀ ಹಾಕಿದಾಗ ಹತ್ತತದ, ಎಂಜಿನ್ ಚಾಲೂ ಮಾಡಿದ ಕೂಡಲೇ ಆರತದ. ಪಕ್ಕದ ಸೀಟಿನ ಮುಂದಿನ ಡ್ಯಾಶ್‌ಬೋರ್ಡ್ ಬಣ್ಣ ಸ್ವಲ್ಪ ಬ್ಯಾರೆ ಕಾಣ್ತದ, ಅದಕ್ಕ ಪಾಲಿಶ್ ಯಾವುದು ಒಳ್ಳೇದು?

ಎಲೆಕ್ಟ್ರಿಷಿಯನ್: ಪಾಲಿಶ್ ಇರಲಿ. ಈಗ ಗಾಡಿ ಹತ್ರ ಹೋಗ್ರಿ. ಕೀ ಆನ್ ಮಾಡ್ರಿ, ಎಂಜಿನ್ ಚಾಲೂ ಮಾಡಬ್ಯಾಡ್ರಿ. ಬಟನ್ ಗಾಡಿ ಆದ್ರ ಕ್ಲಚ್, ಬ್ರೇಕ್ ಒತ್ತದ ಎರಡು ಸಲ ಬಟನ್ ಒತ್ರಿ. ಇಪ್ಪತ್ತರ ತನಕ ಎಣಿಸ್ರಿ. ಏರ್‌ಬ್ಯಾಗ್ ಲೈಟ್ ತಾನೇ ಆರತೈತೋ ಇಲ್ಲೋ ಬರೀರಿ.

ಸಿರುಗುಪ್ಪ: *ಫಾರ್ವರ್ಡ್ ಆಗಿದೆ:* "ಏರ್‌ಬ್ಯಾಗ್ ಲೈಟ್‌ಗೆ ಶೋರೂಮ್‌ನವರು ಸಾವಿರಾರು ರೂಪಾಯಿ ಕೀಳುತ್ತಾರೆ. ಸ್ಟೇರಿಂಗ್ ಕೆಳಗಿನ ಹಳದಿ ಕನೆಕ್ಟರ್ ಕಿತ್ತು 10 ರೂಪಾಯಿಯ 2 ಓಮ್ ರೆಸಿಸ್ಟರ್ ಹಾಕಿ. ಲೈಟ್ ಮಾಯ. ಎಲ್ಲರಿಗೂ ಹಂಚಿ."

ಎಲೆಕ್ಟ್ರಿಷಿಯನ್: ಇದನ್ನ ಹಂಚಿದವರಿಗೆ ಒಂದೇ ಮಾತು. ಕಂಟ್ರೋಲರ್ ಬ್ಯಾಗಿನ ಸರ್ಕ್ಯೂಟಿನಾಗ ಎರಡು ಮೂರು ಓಮ್ ಐತೋ ಇಲ್ಲೋ ಅಂತ ನೋಡಿಕೊಂತ ಇರ್ತೈತಿ. ರೆಸಿಸ್ಟರ್ ಹಾಕಿದ್ರ "ಬ್ಯಾಗ್ ಐತಿ" ಅಂತ ನಂಬತೈತಿ. ಗುದ್ದಿದಾಗ ಕರೆಂಟ್ ರೆಸಿಸ್ಟರಿಗೆ ಹೋಗ್ತೈತಿ, ಬ್ಯಾಗ್ ತೆರಿಯೂದಿಲ್ಲ. ಲೈಟ್ ಹತ್ತಿದ್ರ ನಿಮಗ ಗೊತ್ತರ ಇರ್ತಿತ್ತು.

ಸಿರುಗುಪ್ಪ: ಆದ್ರೆ ಸರ್, ಶೋರೂಮ್‌ನವರೂ ರೆಸಿಸ್ಟರ್ ಹಾಕ್ತಾರಲ್ಲ? ನಾನೇ ನೋಡೀನಿ.

ಎಲೆಕ್ಟ್ರಿಷಿಯನ್: ಹಾಕ್ತಾರ, ಪರೀಕ್ಷೆಗೆ. ಬ್ಯಾಗ್ ಕೆಟ್ಟೈತೋ ವೈರ್ ಕೆಟ್ಟೈತೋ ಬ್ಯಾರೆ ಮಾಡಾಕ. ಕೋಡ್ ಹೋದ್ರ ತಪ್ಪು ಬ್ಯಾಗಿನ ಕಡೆ, ಹೋಗದಿದ್ರ ವೈರಿನ ಕಡೆ. ನೋಡಿ ತಗದುಬಿಡ್ತಾರ.

ತೋರಣಗಲ್ಲು: ತಗದುಬಿಡ್ತಾರ ಅನ್ನೋದಕ್ಕೆ ಏನು ಗ್ಯಾರಂಟಿ? ನಾವು ಹೊರಗೆ ಕೂತಿರ್ತೀವಿ. ಒಳಗೆ ಏನು ಹಾಕಿದ್ರು ಅಂತ ಯಾರು ನೋಡ್ತಾರೆ.

ರಾಯಚೂರು: ಹೊರಗಿನ ಮೇಸ್ತ್ರಿಗಳು ಹಾಕೂದಿಲ್ಲೇನು? ಶೋರೂಮಿನಾಗ ಬಿಲ್ಲರ ಕೊಡ್ತಾರ.

ತೋರಣಗಲ್ಲು: ಬಿಲ್ಲು ಏರ್‌ಬ್ಯಾಗ್ ತೆರೀತದಾ?

ರಾಯಚೂರು: ಗ್ರಾಹಕರ ಆಯೋಗಕ್ಕ ಹೋದಾಗ ತೆರೀತದ. ಬಿಲ್ ಇಲ್ಲದವರು ಅಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರ್ತಾರ.

ಅಡ್ಮಿನ್: ಇಬ್ರೂ ಸಾಕು ಮಾಡ್ರಿ.

ಯಲಬುರ್ಗಾ: ನಾನು ಬೆಲ್ಟ್ ಹಾಕೂದಿಲ್ಲ, ಏರ್‌ಬ್ಯಾಗ್ ಐತೆಲ್ಲ ಅಂತ ಧೈರ್ಯ. ಲೈಟ್ ಹತ್ತಿದ್ರೂ ತೆರೀತೈತಾ?

ಎಲೆಕ್ಟ್ರಿಷಿಯನ್: ತೆರೀತೈತಿ ಅಂತ ನಂಬಬಾರದು. ಮತ್ತ ಬೆಲ್ಟ್ ಇಲ್ಲದ ಏರ್‌ಬ್ಯಾಗ್ ನಿಮ್ಮನ್ನ ಉಳಿಸೂದಿಲ್ಲ. ಬ್ಯಾಗ್ ತೆರಿಯೋದು ಕಣ್ಣು ಮಿಟುಕೋದಕ್ಕಿಂತ ಮೊದಲು. ಬೆಲ್ಟ್ ಇಲ್ಲದವ ಅಷ್ಟರಾಗ ಮುಂದಕ್ಕ ಬಂದಿರ್ತಾನ, ಅರ್ಧ ತೆರೆದ ಬ್ಯಾಗಿಗೆ ಮುಖ ಕೊಡ್ತಾನ.

ಸಿಂಧನೂರು: ಬೆಲ್ಟ್ ಇಲ್ದಿದ್ರ ಮೋಟಾರು ವಾಹನ ಕಾಯ್ದೆ 194ಬಿ ಕೆಳಗ 1,000 ದಂಡ ಐತಿ ಅಂತಲೂ ಹೇಳ್ರಿ ಇವರಿಗೆ.

ಯಲಬುರ್ಗಾ: ನಮ್ಮ ಊರ ರಸ್ತೆಗೆ ಯಾರು ಹಿಡಿಯಾಕ ಬರ್ತಾರ? ನಿಮ್ಮ ಊರಾಗ ನೋಡ್ಕೊಳ್ರಿ.

ಸಿಂಧನೂರು: ಪೊಲೀಸರು ಬರದಿದ್ರೂ ಎದುರಿನಿಂದ ಭತ್ತದ ಲಾರಿ ಬರ್ತೈತಿ ಸಾಹೇಬ್ರ.

ಕೊಪ್ಪಳ: ಅಕ್ಕನ ಮಗು ಒಂಬತ್ತು ತಿಂಗಳದ್ದು. ಹಿಂಬದಿಗೆ ಮುಖ ಮಾಡೋ ಸೀಟು ತಂದೀವಿ. ಮುಂದ ಕೂಡಿಸಬಹುದಾ?

ಸಿಂಧನೂರು: ಬ್ಯಾಡ. ಹಿಂದಿನ ಸೀಟಿನಾಗ ಮಾತ್ರ. ಬ್ಯಾಗ್ ತೆರೆದ್ರ ಮಗುವಿನ ತಲಿ ಹಿಂದಿನಿಂದಲೇ ಹೊಡೆತ. ಬಿಸಿಲ ಪರದೆ ಮ್ಯಾಲೆ ಅದರ ಚಿತ್ರಾನೇ ಇರ್ತೈತಿ ನೋಡ್ರಿ.

ಎಲೆಕ್ಟ್ರಿಷಿಯನ್: ಸಿಂಧನೂರಿನವರು ಹೇಳಿದ್ದು ಸರಿ.

ಲಿಂಗಸುಗೂರು: ಸರ್, ಎರಡು ನಿಮಿಷ ಕಾದೆ. ಆರಲಿಲ್ಲ. ಆಯಿಲ್ ಲೈಟ್ ಕೂಡೇ ಹತ್ಯಾದ. ಎಂಜಿನ್ ಚಾಲೂ ಮಾಡಿದೆ, ಎರಡೂ ಒಂದೇ ಸಲ ಆರಿದ್ವು.

ಎಲೆಕ್ಟ್ರಿಷಿಯನ್: ಇದು ನನಗ ಸರಿ ಕಾಣವಲ್ದು. ಉಳಿದವರು ಸ್ವಲ್ಪ ತಡೀರಿ.

ಸರಿಯಾದ ಗಾಡಿಯಾಗ ಏರ್‌ಬ್ಯಾಗ್ ಲೈಟ್ ಕೀ ಆನ್ ಆದ ಮ್ಯಾಲೆ ಸುಮಾರು 6 ಸೆಕೆಂಡ್ ಹತ್ತಿ, ಕಂಟ್ರೋಲರ್ ತನ್ನ ಪರೀಕ್ಷೆ ಮುಗಿಸಿ, ತಾನೇ ಆರಿಸತೈತಿ. ಎಂಜಿನ್ ಚಾಲೂ ಆಗೂದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆಯಿಲ್ ಲೈಟ್ ಮಾತ್ರ ಎಂಜಿನ್ ತಿರುಗಿ ಒತ್ತಡ ಬಂದಾಗ ಆರತೈತಿ. ನಿಮ್ಮವು ಎರಡೂ ಕೂಡೇ ಆರಿದ್ವು ಅಂದ್ರ ಏರ್‌ಬ್ಯಾಗ್ ಲೈಟಿನ ವೈರ್ ತಗದು ಆಯಿಲ್ ಲೈಟಿಗೆ ಕಟ್ಟಿರೋ ಸಾಧ್ಯತೆ ಬಹಳ. ಗುದ್ದಿದ ಗಾಡಿ ಮಾರುವವರು ಮಾಡೋ ಕೆಲಸ ಇದು. ಡ್ಯಾಶ್‌ಬೋರ್ಡ್ ಬಣ್ಣ ಬ್ಯಾರೆ ಅಂದಾಗಲೇ ಸಂಶಯ ಬಂತು. ಪಕ್ಕದ ಬ್ಯಾಗ್ ತೆರೆದ್ರ ಡ್ಯಾಶ್ ಸೀಳತೈತಿ. ಹೊಸ ಡ್ಯಾಶ್ ದುಬಾರಿ, ಅದಕ್ಕ ಸೀಳು ತುಂಬಿ, ಉಜ್ಜಿ, ಬಣ್ಣ ಹೊಡೀತಾರ. ಕೆಳಗ ಬ್ಯಾಗ್ ಇರೂದಿಲ್ಲ, ಖಾಲಿ ಜಾಗ.

ನಾಳೆ ಹಗಲು ಬೆಳಕಿನಾಗ ಇವು ನೋಡ್ರಿ. ಗ್ಲೋವ್ ಬಾಕ್ಸ್ ಬಿಚ್ಚಿ ಟಾರ್ಚ್ ಹಾಕಿ ಮ್ಯಾಲಕ್ಕ ನೋಡ್ರಿ. ಲೋಹದ ಡಬ್ಬಿ, ಹಳದಿ ಕನೆಕ್ಟರ್ ಕಾಣಬೇಕು. ಮುಟ್ಟಬ್ಯಾಡ್ರಿ, ನೋಡ್ರಿ ಅಷ್ಟೆ. ಸ್ಟೇರಿಂಗ್ ನಡುವಿನ ಮುಚ್ಚಳ ಸುತ್ತಲೂ ಒಂದೇ ಅಂತರ ಐತೋ, ಒಂದು ಕಡೆ ಎದ್ದೈತೋ. ಮುಂದಿನ ಎರಡೂ ಬೆಲ್ಟ್ ಕೊನೀ ತನಕ ಎಳೀರಿ. ಬುಡದಾಗ ತಯಾರಿ ತಾರೀಖಿನ ಚೀಟಿ ಇರ್ತೈತಿ, ಗಾಡಿಯ ಇಸವಿಗೆ ಹೊಂದಬೇಕು. ಒಂದು ಹಳೇದು ಒಂದು ಹೊಸದು ಇದ್ರ ಒಂದು ಬದಲಾಗೈತಿ. ಬೆಲ್ಟ್ ಬಿಗಿ ಹಿಡಿದು ಬರದಿದ್ರ, ಬಕಲ್ ಪಕ್ಕದ್ದಕ್ಕಿಂತ ಕೆಳಗ ಕುಂತಿದ್ರ, ಪ್ರಿಟೆನ್ಷನರ್ ಸಿಡಿದೈತಿ.

ಆಮ್ಯಾಲೆ ಸ್ಕ್ಯಾನರ್. ಕಂಟ್ರೋಲರ್ ಉತ್ತರಾನೇ ಕೊಡದಿದ್ರ ಫ್ಯೂಸ್ ಕಿತ್ತಿರಬೇಕು, ಇಲ್ಲಾ ಕಂಟ್ರೋಲರೇ ಇರಲಿಕ್ಕಿಲ್ಲ. ಉತ್ತರ ಕೊಟ್ರ ಒಂದೊಂದು ಬ್ಯಾಗಿನ ಓಮ್ ನೋಡಸ್ತೀನಿ. ಖರೇ ಬ್ಯಾಗುಗಳು ಚೂರು ಚೂರು ಬ್ಯಾರೆ ತೋರಸ್ತಾವು. ಎಲ್ಲಾ ಒಂದೇ ಅಂಕಿ ಇದ್ರ ರೆಸಿಸ್ಟರ್ ಅಂತ ಸಂಶಯ.

ಹೊಸದು ಹಾಕಿಸಬೇಕಾದ್ರ ಬರೀ ಬ್ಯಾಗ್ ಸಾಲೂದಿಲ್ಲ. ಬ್ಯಾಗ್ ಜೊತಿಗೆ ಸಿಡಿದ ಬೆಲ್ಟ್, ಕಂಟ್ರೋಲರ್, ಕ್ಲಾಕ್ ಸ್ಪ್ರಿಂಗ್, ಡ್ಯಾಶ್, ಮುಂದಿನ ಸೆನ್ಸರ್ ತಪಾಸಣೆ. ಕಂಟ್ರೋಲರ್ ಒಳಗಿನ ಅಪಘಾತದ ದಾಖಲೆ ಅಳಿಸಿ ಕೊಡ್ತೀವಿ ಅನ್ನೋರು ಅದಾರ, ಕೊಡಬ್ಯಾಡ್ರಿ. ಗುಜರಿ ಬ್ಯಾಗೂ ಬ್ಯಾಡ. ಟಕಾಟಾ ಕಂಪನಿ ಬ್ಯಾಗುಗಳನ್ನ ಜಗತ್ತಿನ ತುಂಬ ವಾಪಸ್ ತರಿಸಿದ್ದು ಯಾಕ? ಒಳಗಿನ ಅಮೋನಿಯಂ ನೈಟ್ರೇಟ್ ವರ್ಷಾನುಗಟ್ಟಲೆ ಬಿಸಿ, ತೇವ ಕುಡಿದು ಹದಗೆಟ್ಟು, ಸಿಡಿದಾಗ ಲೋಹದ ಚೂರು ಮುಖಕ್ಕ ಬರ್ತಿದ್ವು. ಗುಜರಿಯವ ಕೊಡೋ ಬ್ಯಾಗ್ ಯಾವ ಗಾಡೀದು, ಎಲ್ಲಿ ಬಿಸಿಲಿಗೆ ಬಿದ್ದಿತ್ತು ಅಂತ ನಿಮಗ ಹೆಂಗ ಗೊತ್ತು?

ಚಾಸಿ ನಂಬರ್ ಕೊಟ್ಟು ಸರ್ವಿಸ್ ದಾಖಲೆ, ಹಳೇ ಇನ್ಶೂರೆನ್ಸ್ ಕ್ಲೇಮ್ ವಿಚಾರಿಸ್ರಿ. ಮಾರಿದವರ ಜೋಡಿ ಮಾತಾಡೋದೆಲ್ಲಾ ವಾಟ್ಸಾಪಿನಾಗ ಬರದೇ ಮಾತಾಡ್ರಿ.

ತೋರಣಗಲ್ಲು: ಪಾಪ, ಲಿಂಗಸುಗೂರಿನವರು ಪಾಲಿಶ್ ಕೇಳಾಕ ಬಂದಿದ್ರು.

ಗಂಗಾವತಿ: ನಮ್ಮ ಗಾಡಿ ರೈಸ್ ಮಿಲ್ಲಿನಾಗ ನಿಲ್ಲತೈತಿ. ಇಲಿ ಹಳದಿ ಪೈಪಿನೊಳಗಿನ ವೈರ್ ಕಡಿದೈತಿ. ಜೋಡಿಸಿ ಬೆಸುಗೆ ಹಾಕಿದ್ರ ನಡೀತೈತಾ? ಇನ್ಶೂರೆನ್ಸ್ ಬರ್ತೈತಾ?

ಎಲೆಕ್ಟ್ರಿಷಿಯನ್: ಬೆಸುಗೆ ಬ್ಯಾಡ, ಆ ಹಾರ್ನೆಸ್ (ವೈರಿನ ಕಟ್ಟು) ಬದಲಿಸ್ರಿ. ಇನ್ಶೂರೆನ್ಸ್ ನಿಮ್ಮ ಕಂಪನಿಗೆ ಕೇಳ್ರಿ.

ರಾಯಚೂರು: ಅಪಘಾತದಾಗ ಬ್ಯಾಗ್ ತೆರೆದ್ರ ಕ್ಲೇಮ್ ಅದ. ಆದ್ರ ಝೀರೊ ಡೆಪ್ (ಸವಕಳಿ ಕಡಿಯದ ಪಾಲಿಸಿ) ಇಲ್ಲದಿದ್ರ ಏರ್‌ಬ್ಯಾಗಿಗೆ ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿ ಲೆಕ್ಕ, 50 ಪರ್ಸೆಂಟ್ ಸವಕಳಿ ಕಡೀತಾರ. ಸುಮ್ನ ಕೆಟ್ಟ ಕ್ಲಾಕ್ ಸ್ಪ್ರಿಂಗಿಗೆ ಏನೂ ಸಿಗೂದಿಲ್ಲ.

ಹಗರಿಬೊಮ್ಮನಹಳ್ಳಿ: ನಾವು ಪಕ್ಕದ ಜಿಲ್ಲೆಯವರು, ಕೇಳಬಹುದಲ್ಲ? ಮುಂದೆ ಬುಲ್ ಗಾರ್ಡ್ ಹಾಕಿಸೀನಿ, ಏರ್‌ಬ್ಯಾಗಿಗೆ ತೊಂದರೆ ಐತಾ?

ಎಲೆಕ್ಟ್ರಿಷಿಯನ್: ಐತಿ. ಗುದ್ದಿದ ಬಲ ಸೆನ್ಸರಿಗೆ ಮುಟ್ಟೋ ರೀತಿ ಬದಲಾಗ್ತೈತಿ. 2017ರ ಡಿಸೆಂಬರಿನಾಗೇ ಕೇಂದ್ರ ಸಾರಿಗೆ ಸಚಿವಾಲಯ ಬ್ಯಾಡ ಅಂದೈತಿ. ತಗಸ್ರಿ. ಸೈಡ್ ಏರ್‌ಬ್ಯಾಗ್ ಇದ್ದವರು ಬಿಗಿ ಸೀಟ್ ಕವರೂ ತಗಸ್ರಿ.

ಬಳ್ಳಾರಿ: ರೀಕಾಲ್ ಅಂತಾರಲ್ಲ ಸರ್, ಅದಕ್ಕೆ ದುಡ್ಡು ಕೊಡಬೇಕಾ?

ಎಲೆಕ್ಟ್ರಿಷಿಯನ್: ಪುಕ್ಕಟೆ. ಉದಾಹರಣೆಗೆ 2023ರ ಜನವರಿಯಾಗ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷೆಗೆ 17,362 ಗಾಡಿ ವಾಪಸ್ ಕರೀತು. 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರ ತನಕ ತಯಾರಾದವು. ಯಾವ ಕಂಪನಿ ಗಾಡಿ ಇದ್ರೂ ಅವರ ವೆಬ್‌ಸೈಟಿನಾಗ ಚಾಸಿ ನಂಬರ್ ಹಾಕಿ ನೋಡ್ರಿ.

ಕಾರಟಗಿ: ನನಗ ಉತ್ತರಾನೇ ಕೊಟ್ಟಿಲ್ಲ. ರೀಸೆಟ್ ಹೆಂಗ ಅಂತ ಕೇಳಿದ್ದೆ.

ಎಲೆಕ್ಟ್ರಿಷಿಯನ್: ಕೊಟ್ಟೀನಿ. ಮ್ಯಾಲೆ ಓದ್ರಿ.

ಕಾರಟಗಿ: ಮ್ಯಾಲೆ ಪುರಾಣ ಐತಿ. ಒಂದು ಸಾಲಿನಾಗ ಹೇಳಾಕ ಏನು ಕಷ್ಟ?

ಎಲೆಕ್ಟ್ರಿಷಿಯನ್: ತಪ್ಪು ಇರೋ ತನಕ ಅಳಿಸಿದ ಕೋಡ್ ಮತ್ತ ಬರ್ತೈತಿ. ಒಂದೇ ಸಾಲು. ಸಾಕಾ?

ಸಿರುಗುಪ್ಪ: ಇನ್ನೊಂದು ವಿಡಿಯೋ ಬಂದೈತೆ ಸರ್. ಬ್ಯಾಟರಿಯ ಎರಡೂ ವೈರ್ ಬಿಚ್ಚಿ ಒಂದಕ್ಕೊಂದು ಮುಟ್ಟಿಸಿ ಹತ್ತು ನಿಮಿಷ ಹಿಡಿದ್ರೆ…

ಎಲೆಕ್ಟ್ರಿಷಿಯನ್: ಅಡ್ಮಿನ್, ಇವರನ್ನ ನೀವು ನೋಡ್ಕೊಳ್ರಿ. ಬ್ಯಾಟರಿ ಬಿಚ್ಚಿದ್ರ ರೇಡಿಯೋದ ನೆನಪು ಹೋಗ್ತೈತಿ, ಏರ್‌ಬ್ಯಾಗ್ ಕೋಡ್ ಹೋಗೂದಿಲ್ಲ.

ಲಿಂಗಸುಗೂರು: ಸರ್, ತಡೀಲಿಲ್ಲ, ಈಗಲೇ ಗ್ಲೋವ್ ಬಾಕ್ಸ್ ಬಿಚ್ಚಿ ಟಾರ್ಚ್ ಹಾಕಿದೆ. ಡಬ್ಬಿ ಇಲ್ಲ. ಹಳದಿ ಕನೆಕ್ಟರ್ ಜೋತು ಬಿದ್ದದ, ಅದರ ಬಾಯಾಗ ಏನೋ ಸಣ್ಣದು ಸಿಗಿಸಿ ಕರೀ ಟೇಪ್ ಸುತ್ಯಾರ.

ಎಲೆಕ್ಟ್ರಿಷಿಯನ್: ಟೇಪ್ ಬಿಚ್ಚಬ್ಯಾಡ್ರಿ. ಹೆಂಗೈತೋ ಹಂಗ ನಾಕು ಕಡೆಯಿಂದ ಫೋಟೋ ತಗೀರಿ, ಒಂದರಾಗ ಚಾಸಿ ನಂಬರೂ ಬರಲಿ. ಸ್ಟೇರಿಂಗಿನಾಗಿನ ಬ್ಯಾಗೂ ಇಲ್ಲ ಅಂತನ ತಿಳಕೊಂಡು ಗಾಡಿ ನಡಸ್ರಿ. ಬೆಲ್ಟ್ ಎರಡೂ ಸರಿ ಅದಾವೋ ನೋಡಿ, ಹಾಕ್ಕೊಂಡು, ನಾಳೆ ಹತ್ತು ಗಂಟೆಗೆ ಬರ್ರಿ. ಮಾರಿದವರಿಗೆ ಇನ್ನೂ ಫೋನ್ ಮಾಡಬ್ಯಾಡ್ರಿ, ಸ್ಕ್ಯಾನ್ ಪ್ರಿಂಟ್ ಕೈಯಾಗ ಬರಲಿ.

ಮಸ್ಕಿ: ಸರ್, ಕ್ಲಾಕ್ ಸ್ಪ್ರಿಂಗ್ ರೇಟ್ ಎಷ್ಟು ಆಗ್ತದ?

ಮಸ್ಕಿ: ಸರ್?