ಕಲಬುರಗಿಯಲ್ಲಿ ಬಾಡಿಗೆಗೆಂದು ಮನೆ ಕೊಳ್ಳುವ ಬಗ್ಗೆ

ಪ್ರಶ್ನೆ: ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನಾನು ಕಲಬುರಗಿಯ ಸೇಡಂ ರಸ್ತೆಯ ಬದಿಯಲ್ಲಿ ಎರಡು ಮನೆಗಳಿರುವ ಹಳೆಯ ಕಟ್ಟಡವೊಂದನ್ನು ಬಾಡಿಗೆಯ ಆದಾಯಕ್ಕಾಗಿ ಕೊಳ್ಳಬೇಕೆಂದಿದ್ದೇನೆ. ದೂರದಿಂದಲೇ ಅದನ್ನು ನಿಭಾಯಿಸಲು ಸಾಧ್ಯವೇ?

ಉತ್ತರ 1: ಸಾಧ್ಯವಿದೆ, ಆದರೆ ಬಾಡಿಗೆಗಿಂತ ಮೊದಲು ನೀರನ್ನು ನೋಡಿರಿ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಕೊಳವೆಬಾವಿ ಬತ್ತಿದರೆ ಟ್ಯಾಂಕರ್ ತರಿಸುವ ಖರ್ಚು ಯಾರದೆಂಬುದನ್ನು ಕರಾರಿನಲ್ಲಿ ಬರೆಯದಿದ್ದರೆ, ಮಾಲೀಕರು ಊರಲ್ಲಿಲ್ಲದ ಮನೆಯಲ್ಲಿ ಆ ಜಗಳ ಪ್ರತಿ ಬೇಸಿಗೆಯೂ ಫೋನಿನಲ್ಲೇ ನಡೆಯುತ್ತದೆ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದಿದ್ದರೆ ಮುಂಗಡವನ್ನೇ ಕೊಡಬೇಡಿ.

ಉತ್ತರ 2: ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕಾದ್ದರಿಂದ ಹೆಚ್ಚಿನವರು 11 ತಿಂಗಳಿಗೆ ಬರೆಸುತ್ತಾರೆ, ದೂರದವರಿಗೆ ನೋಂದಣಿಯೇ ಮೇಲೆಂದು ನನ್ನ ಅಭಿಪ್ರಾಯ. ಆದಾಯ ತೆರಿಗೆಯಲ್ಲಿ, ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು ಉಳಿದ ಬಾಡಿಗೆಯ ಶೇ. 30ರಷ್ಟು ಕಡಿತ ದೊರೆಯುತ್ತದೆ; ರಿಪೇರಿಗೆ ಅದಕ್ಕಿಂತ ಹೆಚ್ಚು ಖರ್ಚಾದರೂ ಆ ಬಾಬ್ತಿನಲ್ಲಿ ಬೇರೆ ಕಡಿತವಿಲ್ಲ. ಹಳೆಯ ಕಟ್ಟಡಕ್ಕೆ ಇದೇ ಪೆಟ್ಟು.

ಉತ್ತರ 3: ನಂಬಿಕೆಯ ನೆರೆಯವರೊಬ್ಬರಿಗೆ ಕೀಲಿಕೈಯನ್ನೂ ಸಣ್ಣ ರಿಪೇರಿ ಮಾಡಿಸುವ ಅಧಿಕಾರವನ್ನೂ ಕೊಟ್ಟಿರಿ, ಸರ್.