ಸಹಾಯ ಬೇಕು: ಜೀನ್ ಜಾಲದ ಝಡ್-ಸ್ಕೋರ್ ಒಂದ ಕಡೆ ನಿಲ್ಲವಲ್ದು

ನಮಸ್ಕಾರ್ರಿ. ಧಾರವಾಡದಾಗ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಾಕತ್ತೀನಿ. 2002ರಾಗ ಪ್ರಕಟ ಆದ ಈ. ಕೋಲಿ ಬ್ಯಾಕ್ಟೀರಿಯಾದ ಜೀನ್ ನಿಯಂತ್ರಣ ಜಾಲ (ಯಾವ ಜೀನ್ ಯಾವುದನ್ನ ನಿಯಂತ್ರಿಸ್ತೈತಿ ಅನ್ನೂ ನಕ್ಷೆ) ತಗೊಂಡೀನಿ: 424 ನೋಡ್ (ಬಿಂದು), 519 ಕೊಂಡಿ. ಅದರಾಗ ಫೀಡ್-ಫಾರ್ವರ್ಡ್ ಲೂಪ್ (ಒಂದು ಜೀನ್ ಇನ್ನೊಂದನ್ನ, ಅವೆರಡೂ ಮೂರನೇದನ್ನ ನಿಯಂತ್ರಿಸೂ ವಿನ್ಯಾಸ) 40. ನನ್ನ ಎಣಿಕಿನೂ 40 ಬಂತು, ಅಲ್ಲೀತನಕ ಸರಿ.

ತೊಡಕು ಹೋಲಿಕೀಗೆ ಮಾಡೂ ರ‍್ಯಾಂಡಮ್ ಜಾಲದಾಗ ಐತಿ. ಬರೇ ನೋಡ್, ಕೊಂಡಿ ಸಂಖ್ಯೆ ಅಷ್ಟ ಇಟ್ರ ಲೂಪ್ ಸರಾಸರಿ 2 ಸುದ್ದಾ ಬರೂದಿಲ್ಲ. ಹಂಗ ಮಾಡೂದು ತಪ್ಪು ಅಂತ ತಿಳೀತು, ಯಾಕಂದ್ರ ಕೆಲವು ಜೀನಿಗೆ ಕೊಂಡಿ ಭಾಳ ಇರ್ತಾವು. ಅದಕ್ಕ ಪ್ರತಿ ಜೀನಿನ ಒಳ-ಹೊರ ಕೊಂಡಿ ಹಂಗ ಉಳಿಸಿ, ಎರಡೆರಡು ಕೊಂಡಿಯ ತುದಿ ಅದಲುಬದಲು ಮಾಡಾಕತ್ತೀನಿ. ಇಂಥಾ ಜಾಲಕ್ಕ ಪ್ರಕಟ ಆದ ಲೂಪ್ ಸರಾಸರಿ 7, ಝಡ್-ಸ್ಕೋರ್ (ಮೂಲ ಎಣಿಕಿ ಆ ಸರಾಸರಿಗಿಂತ ಎಷ್ಟು ಪ್ರಮಾಣ ವಿಚಲನೆ ದೂರ ಐತಿ ಅನ್ನೂದು) ಸುಮಾರು 10. ನನಗ 100 ಸಲ ಬದಲಿಸಿದ್ರ ಸರಾಸರಿ ಭಾಳ ಮ್ಯಾಲ ನಿಲ್ತೈತಿ, ಹೆಚ್ಚಿಸಿದಂಗ ಇಳೀತೈತಿ. ಮೂಲ ಲೂಪ್ ಪೂರ್ತಿ ಒಡೆದಿಲ್ಲೇನೋ ಅನಸ್ತೈತಿ.

519 ಕೊಂಡಿಗೆ ಒಂದೊಂದು ಜಾಲಕ್ಕ ಎಷ್ಟು ಸಲ ಅದಲುಬದಲು ಮಾಡಬೇಕ್ರಿ, ಸಾಕಾತು ಅಂತ ಹೆಂಗ ಪರೀಕ್ಷೆ ಮಾಡೂದು?